ತುಳು ಲಿಪಿಗೆ ಒಂಟಿ ಫಾಂಟ್ ಬೇಡ, ಕನ್ನಡ ಫಾಂಟ್‌ಗೇ ಸೇರಿಸಿ

ಮಾನ್ಯ ಸಂಪಾದಕರೇ,

ನಾನು ಪುತ್ತೂರಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವವಳು. ಮದುವೆ, ಬ್ರಹ್ಮಕಲಶ, ನೇಮೋತ್ಸವದ ಆಮಂತ್ರಣಗಳೇ ಜಾಸ್ತಿ. ಈಚೆಗೆ ಬರುವವರು ತಲೆಬರಹ ತುಳು ಲಿಪಿಯಲ್ಲಿ ಬೇಕು, ಉಳಿದದ್ದು ಕನ್ನಡದಲ್ಲಿರಲಿ ಅನ್ನುತ್ತಾರೆ. ಕೇಳಿದರೆ ಖುಷಿಯಾಗುತ್ತದೆ. ಆದರೆ ನಮಗೆ ಸಿಗುವ ತುಳು ಫಾಂಟ್‌ಗಳು ಕನ್ನಡ ಅಕ್ಷರದ ಜಾಗದಲ್ಲಿ ತುಳು ಅಕ್ಷರ ಕೂರಿಸಿದಂಥವು. ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ತುಳು ಲಿಪಿ ಮಾಯ.

ಇನ್ನು ಹೀಗೆ ಮಾಡಬೇಕಾಗಿಲ್ಲ. ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಿಗೆ ಒಂದೇ ಸಂಕೇತ ಗೊತ್ತು ಮಾಡುವ ಪಟ್ಟಿ ಯೂನಿಕೋಡ್. 2024ರ ಸೆಪ್ಟೆಂಬರಿನಲ್ಲಿ ಬಂದ ಅದರ 16ನೇ ಆವೃತ್ತಿಯಲ್ಲಿ ತುಳು ಲಿಪಿಗೆ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ ಅದರದ್ದೇ ಜಾಗ ಸಿಕ್ಕಿದೆ. ಒಟ್ಟು 80 ಸಂಕೇತಗಳು. ಆದರೆ ಫಾಂಟ್ ಇಲ್ಲದ ಫೋನಿನಲ್ಲಿ ಈಗ ಕಾಣುವುದು ಬರೀ ಚೌಕಗಳು. ಅಂದರೆ ಫಾಂಟ್ ಎಲ್ಲರ ಕೈಗೂ ತಲುಪಬೇಕು. ದುಡ್ಡು ಕೊಟ್ಟು ಕೊಳ್ಳುವ, ಬೀಗ ಹಾಕಿದ ಫಾಂಟಿನಿಂದ ಅದಾಗದು.

ಅದಕ್ಕೇ ಈ ಪತ್ರ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಯಾರು ಬೇಕಾದರೂ ತೆಗೆದುಕೊಂಡು ಅಕ್ಷರ ಸೇರಿಸಬಹುದು, ಹಂಚಬಹುದು. ಸೇರಿಸಿ ಮಾಡಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಮೂಲದವರು ಹೆಸರು ಕಾದಿರಿಸಿದ್ದರೆ ಬೇರೆ ಹೆಸರಿಡಬೇಕು, ಅಷ್ಟೆ. ಹೀಗಿರುವಾಗ ಹೊಸದಾಗಿ ಬರೀ ತುಳುವಿನ ಒಂದು ಫಾಂಟ್ ಯಾಕೆ ಮಾಡಿಸಬೇಕು? ಎರಡು ಲಿಪಿಯೂ ಒಂದೇ ಸಾಲಿನಲ್ಲಿ ಬರುವ ಊರು ನಮ್ಮದು. ಅವು ಒಂದೇ ಕೈಯ ಬರಹದಂತೆ ಕಾಣಬೇಡವೇ?

ಕೆಲಸ ಸುಲಭ ಅಂತ ಹೇಳುತ್ತಿಲ್ಲ. ರಾತ್ರಿ ಹೊತ್ತು ಫಾಂಟ್‌ಫೋರ್ಜ್ ಎಂಬ ಫಾಂಟ್ ಮಾಡುವ ತಂತ್ರಾಂಶದಲ್ಲಿ ನಾನೇ ಕೆಲವು ಅಕ್ಷರ ಬಿಡಿಸುತ್ತಿದ್ದೇನೆ. ಮೊದಲ ತಕರಾರು ತಲೆಕಟ್ಟಿನದ್ದು. ಕನ್ನಡ ಅಕ್ಷರಕ್ಕೆ ಅದಿದೆ, ತುಳುವಿಗಿಲ್ಲ. ತುಳು ಅಕ್ಷರವನ್ನು ತಲೆಕಟ್ಟಿನ ಎತ್ತರಕ್ಕೆ ಎಳೆದರೆ ಸಾಲಿನಲ್ಲಿ ದಪ್ಪ ಗುಂಡಾಗಿ ಎದ್ದು ಕಾಣುತ್ತದೆ. ತಲೆಕಟ್ಟಿನ ಕೆಳಗೆ ನಿಲ್ಲಿಸಿದರೆ ಬಡಕಲಾಗುತ್ತದೆ. ನಡುವಿನ ಒಂದು ಎತ್ತರವನ್ನು ಕಣ್ಣಳತೆಯಲ್ಲೇ ಹುಡುಕಬೇಕು. ಗೆರೆಯ ದಪ್ಪವೂ ಹಾಗೆಯೇ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ, ಅಂದರೆ ಚೂಪು ಲೇಖನಿಯಿಂದ, ಕೊರೆದ ಗೆರೆ ಒಂದೇ ಸಮನಾಗಿರುತ್ತದೆ. ಆದ್ದರಿಂದ ಗೆರೆಯಲ್ಲಿ ದಪ್ಪ-ತೆಳು ಜಾಸ್ತಿ ಇಲ್ಲದ ಕನ್ನಡ ಫಾಂಟೇ ಜೋಡಿಗೆ ಸರಿ.

ಇನ್ನು ಸ್ವರಚಿಹ್ನೆ. ‘ತೇರ್’ ಅಂತ ಬರೆಯುವಾಗ ತುಳು ಲಿಪಿಯಲ್ಲಿ ಏಕಾರದ ಚಿಹ್ನೆ ತಕಾರದ ಎಡಕ್ಕೆ ಬರುತ್ತದೆ, ಮಲಯಾಳದ ಹಾಗೆ. ‘ಕೋಲ’ದಲ್ಲಿ ಚಿಹ್ನೆ ಒಡೆದು ಕಕಾರದ ಎರಡೂ ಬದಿಗೆ ನಿಲ್ಲುತ್ತದೆ. ನಾವು ಟೈಪ್ ಮಾಡುವುದು ಮಾತ್ರ ಮೊದಲು ವ್ಯಂಜನ, ಆಮೇಲೆ ಸ್ವರ. ಅಕ್ಷರ ಜೋಡಿಸುವ ತಂತ್ರಾಂಶ ಅದನ್ನು ಹಿಂದೆ ಮುಂದೆ ಮಾಡಿ ಕೂರಿಸಬೇಕು. ಕನ್ನಡದ ನಿಯಮ ಇಲ್ಲಿ ನಡೆಯುವುದಿಲ್ಲ. ಫಾಂಟಿನೊಳಗೆ ತುಳುವಿಗೆ ಬೇರೆಯೇ ನಿಯಮ ಬರೆಯಬೇಕು. ಚಿತ್ರ ಬರೆದರಷ್ಟೇ ಫಾಂಟ್ ಆಗುವುದಿಲ್ಲ, ಅಲ್ವಾ?

ಈಗ ಬೋರ್ಡುಗಳಲ್ಲಿ ಕಾಣುವ ತುಳು ಅಕ್ಷರಕ್ಕೂ ತಾಳೆಗರಿಯ ಅಕ್ಷರಕ್ಕೂ ಅಲ್ಲಲ್ಲಿ ವ್ಯತ್ಯಾಸವಿದೆ. ಯಾವುದು ಸರಿ ಎಂಬ ಜಗಳ ಬೇಡ. ಒಂದೇ ಸಂಕೇತಕ್ಕೆ ಎರಡು ರೂಪ ಇಟ್ಟು, ಬೇಕಾದ್ದನ್ನು ಆರಿಸಿಕೊಳ್ಳುವ ಸೌಲಭ್ಯ ಫಾಂಟಿನಲ್ಲೇ ಕೊಡಬಹುದು.

ಫಾಂಟ್ ಮಾಡಿಸಲು ಹಣ ಕೊಡುವ ಸಂಘ-ಸಂಸ್ಥೆಗಳಲ್ಲಿ ಒಂದು ವಿನಂತಿ. ಓಪನ್ ಫಾಂಟ್ ಲೈಸೆನ್ಸ್ ಎಂದು ಒಪ್ಪಂದದಲ್ಲೇ ಬರೆಸಿ. ತಿದ್ದಲು ಬರುವ ಮೂಲ ಫೈಲನ್ನೂ ಕೇಳಿ ಪಡೆಯಿರಿ. ಮನೆಯಲ್ಲೋ ಮಠದಲ್ಲೋ ತಾಳೆಗರಿ ಇಟ್ಟುಕೊಂಡವರು ಒತ್ತಕ್ಷರ ಇರುವ ಗರಿಗಳ ಸ್ಪಷ್ಟ ಫೋಟೊ ತೆಗೆದು ಎಲ್ಲರಿಗೂ ಸಿಗುವಂತೆ ಹಾಕಿ. ಬಿಡಿ ಅಕ್ಷರದ ಪಟ್ಟಿ ಎಲ್ಲ ಕಡೆ ಇದೆ. ಒತ್ತು ಹೇಗೆ ಕೂರುತ್ತದೆ ಅನ್ನುವುದೇ ನಮ್ಮಂಥವರಿಗೆ ಸಿಗುತ್ತಿಲ್ಲ.

– ಡಿಟಿಪಿ ಕೆಲಸಗಾರ್ತಿ, ಪುತ್ತೂರು