ಕೂಲಂಟ್ ಬಗ್ಗೆ ಬಿಡಿಸಿ ಹೇಳಿದ ಅಣ್ಣನಿಗೆ

ನಿಮ್ಮ ಹೆಸರು ಕೇಳಲೂ ಆಗಲಿಲ್ಲ, ಅಣ್ಣ. ಆದರೂ ಥ್ಯಾಂಕ್ಸ್ ಹೇಳಲೇಬೇಕು. ಬಣ್ಣ ನೋಡಿ ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಕೊಳ್ಳಬೇಡಿ ಅಂದಿರಲ್ಲ, ಆ ಮಾತೇ ದೊಡ್ಡದು. ಹಸಿರು, ಕೆಂಪು, ನೀಲಿ ಎಲ್ಲ ಕಂಪನಿಯವರು ಹಾಕುವ ಬಣ್ಣ ಅಷ್ಟೇ. ಒಂದೇ ಬಣ್ಣದ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ರಾಸಾಯನಿಕ ಇರಬಹುದು. ಕಾರಿನ ಕೈಪಿಡಿಯಲ್ಲಿ ಯಾವುದು ಬರೆದಿದೆಯೋ ಅದೇ ಸರಿ.

"ಸುಮ್ನೆ ನೀರು ಹಾಕಿದರೆ ಸಾಕಲ್ವಾ?" ಅಂತ ಕೇಳಿದಾಗ ನೀವು ನಗಲಿಲ್ಲ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ, 100 ಡಿಗ್ರಿಗೆ ಕುದಿಯುವುದೂ ಇಲ್ಲ ಎಂದು ಸಮಾಧಾನವಾಗಿ ವಿವರಿಸಿದಿರಿ. ಹಾಗಂತ ಗ್ಲೈಕಾಲ್ ಜಾಸ್ತಿ ಸುರಿಯುವಂತಿಲ್ಲ. ಶಾಖ ಹೊತ್ತೊಯ್ಯುವುದರಲ್ಲಿ ನೀರೇ ಮುಂದು. ನಲ್ಲಿ ನೀರು ಮಾತ್ರ ಬೇಡ, ಅದರ ಲವಣ ಒಳಗೆ ಪದರ ಕಟ್ಟುತ್ತದೆ. ವರ್ಷ ಕಳೆದಂತೆ ಗ್ಲೈಕಾಲ್ ಉಳಿದರೂ ತುಕ್ಕು ತಡೆಯುವ ಅಂಶ ಸವೆಯುತ್ತದೆ. ಅದಕ್ಕೇ ಮಟ್ಟ ಸರಿಯಿದ್ದರೂ ಬದಲಿಸಬೇಕಂತೆ. ಇದು ನನಗೆ ನಿಜಕ್ಕೂ ಹೊಸದು.

ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ ಎಂದು ಎರಡೆರಡು ಸಲ ಎಚ್ಚರಿಸಿದ್ದಕ್ಕೂ, ಈ ಕೂಲಂಟ್ ಸಿಹಿಯಾಗಿರುತ್ತೆ, ನಾಯಿ ನೆಕ್ಕಿದರೆ ವಿಷ ಎನ್ನುತ್ತಾ ಚೆಲ್ಲಿದ್ದನ್ನು ತಕ್ಷಣ ಒರೆಸಿದ್ದಕ್ಕೂ ನಾನು ಋಣಿ.