ಅದು ಯಾರ ಮಾತು, ಮಾರಾಯ?

ಪ್ರೀತಿಯ ಹುಡುಗಾ,

ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆಯುವ ನಮ್ಮ ಕಡೆಯ ಸುರಂಗಗಳು, ನೀರಿನ ಪದಗಳು, ಇವುಗಳ ಮೇಲೆ ನಿನ್ನ ಥೀಸಿಸ್‌ಗೆ ಅಂತ ಮಾಡಿ ಕಳಿಸಿದ ಟಿಪ್ಪಣಿಗಳ ಫೈಲ್ ಸಿಕ್ಕಿ ಹನ್ನೊಂದು ದಿನವಾಯಿತು. ತಡ ಮಾಡಿದ್ದು ಕೋಪದಿಂದ ಅಲ್ಲ. ಓದುತ್ತಾ ಇದ್ದೆ. ಒಟ್ಟು 1,140 ಟಿಪ್ಪಣಿ ಅಂತ ನೀನೇ ಬರೆದಿದ್ದೆ. ಅದರಲ್ಲಿ ನಾನೂರರಷ್ಟು ಓದಿ ಮುಗಿಸಿದ್ದೇನೆ. ಮಗಳ ಲ್ಯಾಪ್‌ಟಾಪ್‌ನಲ್ಲಿ, ಮಧ್ಯಾಹ್ನದ ಊಟ ಆದ ಮೇಲೆ, ದಿನಾ ಎರಡು ಗಂಟೆ.

ನಿನ್ನ ಕಾಗದದ ಕೊನೆಯಲ್ಲಿ ಹೀಗೆ ಬರೆದಿದ್ದೀಯ: "ಟೀಚರ್, ಎರಡೂವರೆ ವರ್ಷದಿಂದ ಇದನ್ನು ಕಟ್ಟುತ್ತಾ ಇದ್ದೇನೆ. ಎಲ್ಲ ಇದೆ. ಆದರೆ ಅಧ್ಯಾಯ ಬರೆಯಲು ಕೂತರೆ ಒಂದು ಪುಟವೂ ಏಳುವುದಿಲ್ಲ. ನನ್ನಿಂದ ಆಗುವುದಿಲ್ಲ ಅನ್ನಿಸುತ್ತದೆ." ಅದನ್ನು ಓದಿದ ದಿನ ನನಗೆ ಸಂಜೆಯ ಚಹಾ ಕುಡಿಯಲೂ ಮನಸ್ಸಾಗಲಿಲ್ಲ. ನಿನ್ನಿಂದ ಆಗುತ್ತದೆ ಮಗಾ. ಮೊದಲು ಅದು ತಲೆಗೆ ಹೋಗಲಿ.

ಕಾಗದದಲ್ಲಿ ಕೇಳಿದ ಬೇರೆ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ಟಿಪ್ಪಣಿ ಇಡುವ ಟಿಡ್ಲಿವಿಕಿ ಸಾಫ್ಟ್‌ವೇರ್ ಬಿಟ್ಟು ಆಬ್ಸಿಡಿಯನ್‌ಗೆ ಹೋಗಲಾ, ಝಿಮ್ ಒಳ್ಳೆಯದಾ, ಟ್ಯಾಗ್ ಎಷ್ಟಿರಬೇಕು, ಕೊನೆಗೆ ಎಲ್ಲವನ್ನೂ ವರ್ಡ್‌ಗೆ ತರುವುದು ಹೇಗೆ? ಅದೆಲ್ಲ ನಿನ್ನ ಓರಗೆಯವರಿಗೆ ಗೊತ್ತಿರುತ್ತದೆ. ಒಂದೇ ಒಂದು ಫೈಲಿನಲ್ಲಿ ನಿನ್ನ ಎರಡೂವರೆ ವರ್ಷ ಇದೆ. ಬ್ರೌಸರಿನಲ್ಲಿ ತೆರೆದರೆ ಸಾಕು, ಇಂಟರ್ನೆಟ್ಟೂ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಒಮ್ಮೆ ಹೋದರೆ ಯಾವಾಗ ಬರುತ್ತದೆ ಅಂತ ಇಲ್ಲ. ಇಲ್ಲಿ ಕೂತು ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು? ಜೆರೆಮಿ ರಸ್ಟನ್ ಅನ್ನುವವರು 2004ರಲ್ಲಿ ಈ ಟಿಡ್ಲಿವಿಕಿಯನ್ನು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅವರಿಗೆ ಒಳ್ಳೆಯದಾಗಲಿ. ಬದಲಾಯಿಸಲು ಹೋಗಬೇಡ, ಅದರಲ್ಲೇ ಇನ್ನು ಆರು ತಿಂಗಳು ಕಳೆಯುತ್ತದೆ. ದಿನಾ ಒಂದು ಕಾಪಿ ಪೆನ್‌ಡ್ರೈವಿಗೆ ಹಾಕಿಡು. ಅಲ್ಲಿಗೆ ಆ ವಿಷಯ ಮುಗಿಯಿತು.

ನನಗೆ ಹೇಳಲಿಕ್ಕೆ ಇರುವುದು ಒಂದೇ. ನಿನ್ನ ಟಿಪ್ಪಣಿಗಳಲ್ಲಿ ಯಾವುದು ಯಾರ ಮಾತು ಅಂತ ಗೊತ್ತಾಗುವುದಿಲ್ಲ.

"ತೇವ-03" ಅನ್ನುವ ಪುಟ ತೆರೆ. "ಸುರಂಗ ಕೊರೆಯುವ ಸಂದರ್ಭದಲ್ಲಿ ಮೊದಲಿಗೆ ಗೋಡೆಯಲ್ಲಿ ತೇವಾಂಶ ಕಂಡುಬರುತ್ತದೆ. ಇದು ಜಲಮೂಲದ ಸಾಮೀಪ್ಯದ ಸೂಚನೆ." ಅದರ ಜತೆ ನಾಲ್ಕು ಟ್ಯಾಗ್. ಇಪ್ಪತ್ತೊಂಬತ್ತು ಪುಟಗಳಿಂದ ಇಲ್ಲಿಗೆ ಲಿಂಕ್. ಇದನ್ನು ಹೇಳಿದ್ದು ಯಾರು? ಪುಸ್ತಕವಾ? ಸುರಂಗ ಕೊರೆದವರಾ? ಕೊರೆಸಿದ ತೋಟದವರಾ? ನೀನೇ ಯೋಚನೆ ಮಾಡಿದ್ದಾ? ನಾನು ಅರ್ಧ ಗಂಟೆ ಹುಡುಕಿದೆ. ಪುಟದಲ್ಲಿ ಇರುವುದು ನಿನ್ನ ಹೆಸರು ಮತ್ತು ತಾರೀಕು. ಅದನ್ನು ಸಾಫ್ಟ್‌ವೇರ್ ತಾನಾಗಿ ಹಾಕಿದೆ. ಮೂರು ತಿಂಗಳು ಕಳೆದ ಮೇಲೆ ನೋಡಿದರೆ ನಿನಗೂ ಅದು ನಿನ್ನದೇ ಮಾತು ಅನ್ನಿಸುತ್ತದೆ. ನೀನು ಕದ್ದಿಲ್ಲ, ಆದರೆ ಕಳವು ಆಗಿದೆ.

ನಾವು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಗ ಕಾಗದವೇ ಸ್ವಲ್ಪ ಸಾಕ್ಷಿ ಹೇಳುತ್ತಿತ್ತು. ಬಸ್ಸಿನಲ್ಲಿ ಬರೆದದ್ದು ಸೊಟ್ಟ. ಲೈಬ್ರರಿಯಲ್ಲಿ ಬರೆದದ್ದು ನೇರ. ಯಾರದೋ ಅಂಗಳದಲ್ಲಿ ಕೂತು ಬರೆದ ಪುಟದಲ್ಲಿ ಅಡಿಕೆ ಚೊಗರಿನ ಕಲೆ. ನಿನ್ನ ವಿಕಿಯಲ್ಲಿ ಪುಸ್ತಕದಿಂದ ಕಾಪಿ ಮಾಡಿದ್ದಕ್ಕೂ, ಅಜ್ಜ ಹೇಳಿದ್ದಕ್ಕೂ, ರಾತ್ರಿ ಹನ್ನೆರಡಕ್ಕೆ ನಿನಗೆ ಹೊಳೆದದ್ದಕ್ಕೂ ಒಂದೇ ಅಕ್ಷರ, ಒಂದೇ ಮುಖ.

ವಿಕಿ ಅಂದರೆ ಹವಾಯಿ ಭಾಷೆಯಲ್ಲಿ ಬೇಗ ಅಂತ ಅರ್ಥ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ಶುರು ಮಾಡಿದ್ದು ಹಲವರು ಸೇರಿ ಬರೆಯಲಿ, ಬೇಗ ತಿದ್ದಲಿ ಅಂತ. ಅಲ್ಲಿ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆಯುತ್ತಾರೆ. ಸಾಲು ಯಾರದ್ದು ಅಂತ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಥೀಸಿಸ್‌ನಲ್ಲಿ ಮೊದಲು ಕೇಳುವುದೇ ಅದನ್ನು. ಆ ವಸ್ತುವಿನ ಗುಣ ಒಂದು, ನಿನ್ನ ಕೆಲಸದ ಗುಣ ಇನ್ನೊಂದು. ಇದನ್ನು ನೀನು ಎರಡೂವರೆ ವರ್ಷದಲ್ಲಿ ಒಮ್ಮೆಯೂ ಯೋಚಿಸಲಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ಮೂರನೇ ಅಧ್ಯಾಯದ ಕರಡು ನೋಡಿದೆ. ಒಂದು ಪುಟದ ಮಾತು ಇನ್ನೊಂದು ಪುಟದ ಒಳಗೆ ಹಾಗೇ ಕಾಣಿಸುವಂತೆ ಮಾಡುತ್ತೀಯಲ್ಲ, ಟ್ರಾನ್ಸ್‌ಕ್ಲೂಶನ್ ಅಂತ, ಇಡೀ ಕರಡನ್ನು ಅದರಲ್ಲೇ ಕಟ್ಟಿದ್ದೀಯ. ಹಾಗೆ ತಂದಾಗ ಬರುವುದು ಮಾತು ಮಾತ್ರ. ಟ್ಯಾಗ್ ಬರುವುದಿಲ್ಲ. ಪುಟದ ಬದಿಯ ಖಾನೆಯಲ್ಲಿ, ಅಂದರೆ ಫೀಲ್ಡಿನಲ್ಲಿ, ಬರೆದಿಟ್ಟದ್ದೂ ಬರುವುದಿಲ್ಲ. ಕೆಲವು ಪುಟಗಳಲ್ಲಿ ನೀನು "ಮೂಲ" ಅಂತ ಒಂದು ಫೀಲ್ಡ್ ಮಾಡಿ ಹೆಸರು ಬರೆದಿದ್ದೀಯ. ಕಂಡು ಖುಷಿಯಾಯಿತು. ಆದರೆ ಕರಡಿನಲ್ಲಿ ಹೆಸರಿಲ್ಲ, ಮಾತು ಮಾತ್ರ ಇದೆ, ಅಕ್ಕಪಕ್ಕದ ಸಾಲಿನ ಜತೆ ಹೊಲಿಗೆ ಕಾಣದ ಹಾಗೆ ಸೇರಿಕೊಂಡಿದೆ. ಅದಕ್ಕೇ ಹೇಳುವುದು, ಹೆಸರನ್ನು ಬದಿಯಲ್ಲಿ ಇಡಬೇಡ. ಟಿಪ್ಪಣಿಯ ಮೊದಲ ಸಾಲಿನಲ್ಲೇ ಇಡು. ಇಂಥ ಊರಿನ ಇಂಥವರು, ಇಂಥ ದಿನ, ತುಳುವಿನಲ್ಲಿ ಹೇಳಿದ್ದು ಅಂತ. ಮಾತು ಯಾವ ಪುಟಕ್ಕೆ ಹೋದರೂ ಆಡಿದವರೂ ಜತೆಗೆ ಹೋಗಲಿ.

ಯಾವ ಭಾಷೆ ಅನ್ನುವುದನ್ನು ಬಿಡಲೇಬೇಡ. "ಒರತೆ" ಅನ್ನುವ ಪುಟದಲ್ಲಿ ಕನ್ನಡದ ಒರತೆ, ತುಳುವಿನ ಒಸರ್, ಮಲಯಾಳದ ಉರವ ಮೂರನ್ನೂ ಒಟ್ಟಿಗೆ ಹಾಕಿ, ಇವೆಲ್ಲ ಸಮಾನ ಪದಗಳು ಅಂತ ಬರೆದು ಮುಗಿಸಿದ್ದೀಯ. ಸುರಂಗ, ತುರಂಗಂ, ತೊರಪು ಕೂಡ ಹಾಗೆಯೇ. ಯಾರ ಬಾಯಲ್ಲಿ ಯಾವುದು ಬಂತು? ತೋಟದ ಧಣಿ ಆಡುವ ಪದ ಯಾವುದು, ಪಿಕ್ಕಾಸು ಹಿಡಿದು ಒಳಗೆ ಕೂತವರು ಆಡುವ ಪದ ಯಾವುದು? ನಿನ್ನ ಥೀಸಿಸ್ ನೀರಿನ ಪದಗಳ ಮೇಲೆ ಅಲ್ವಾ? ಅದು ಇರುವುದೇ ಆ ಎರಡು ಬಾಯಿಗಳ ನಡುವೆ. ನೀನು ಮೂರಕ್ಕೂ ಒಂದೇ ಪುಟ ಮಾಡಿ ಅದನ್ನು ಮುಚ್ಚಿಬಿಟ್ಟೆ. ಮೂರು ಪುಟ ಮಾಡು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ತೆರೆದು ನೋಡು. ಸುಮಾರು 70,000 ಪದ. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಕೊಟ್ಟು ಸುಮ್ಮನಾಗಿಲ್ಲ. ತಮಿಳಿನಲ್ಲಿ ಹೀಗೆ, ಮಲಯಾಳದಲ್ಲಿ ಹೀಗೆ, ತುಳುವಿನಲ್ಲಿ ಹೀಗೆ ಅಂತ ಒಂದೊಂದರ ಮುಂದೆ ಭಾಷೆಯ ಗುರುತು ಹಾಕಿದ್ದಾರೆ. ಕೈಯಲ್ಲಿ ಬರೆದು ಮಾಡಿದ ಕೆಲಸ ಅದು.

ಕಾಸರಗೋಡಿನವನಿಗೆ ಇದನ್ನು ಬಿಡಿಸಿ ಹೇಳಬೇಕಾ? ಪಿಲಿಕುಂಜೆ ಅನ್ನುವ ಜಾಗದ ಹೆಸರು ಬೋರ್ಡಿನಲ್ಲಿ ಪುಲಿಕುನ್ನು ಆದದ್ದಕ್ಕೆ ನಮಗೆ ಎಷ್ಟು ನೋವು! ತುಳುವಿನ ಪಿಲಿ ಅಂದರೂ ಹುಲಿಯೇ, ಮಲಯಾಳದ ಪುಲಿ ಅಂದರೂ ಹುಲಿಯೇ. ಅರ್ಥ ಹೋಗಲಿಲ್ಲ. ಹೋದದ್ದು ಕರೆದವರ ಬಾಯಿ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಇದೇ ಸಂಕಟ ಹೇಳಿಕೊಂಡು ಬಂದ ಊರು ನಮ್ಮದು. ಅಂಥ ಊರಿನ ಹುಡುಗ ತುಳುವಿನಲ್ಲಿ ಕೇಳಿದ್ದನ್ನು "ಜಲಮೂಲದ ಸಾಮೀಪ್ಯ" ಅಂತ ಮಾಡಿ ಇಟ್ಟರೆ ಹೇಗೆ?

ಈಗ ನನ್ನದು ಹೇಳುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

1987ರ ಬೇಸಗೆ. ಪೆರ್ಲದಿಂದ ಒಂದು ಗಂಟೆ ನಡೆದು ಒಂದು ಗುಡ್ಡದ ಬುಡಕ್ಕೆ ಹೋಗಿದ್ದೆ. ಅಲ್ಲಿ ಹೊಸ ಸುರಂಗ ಕೊರೆಯುತ್ತಿದ್ದರು. ಎರಡೂವರೆ ಅಡಿಗೆ ಒಂದು ಕೋಲು, ಕೋಲಿನ ಲೆಕ್ಕದಲ್ಲಿ ಕೂಲಿ. ಕೊರೆಯುತ್ತಿದ್ದ ಅಜ್ಜ ಹೊರಗೆ ಬಂದರು. ಮೈಯೆಲ್ಲ ಕೆಂಪು ಮಣ್ಣು. ನೀರು ಸಿಕ್ಕಿತಾ ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಬಾ ಅಂತ ತಲೆ ಆಡಿಸಿ ಮತ್ತೆ ಒಳಗೆ ಹೋದರು. ಒಬ್ಬರು ಹಿಡಿಸುವಷ್ಟೇ ಅಗಲ. ಮೇಣದಬತ್ತಿ ಹಿಡಿದು ಮುಂದೆ ಹೋದವರು ಒಂದು ಕಡೆ ನಿಂತು, ನನ್ನ ಅಂಗೈ ಎಳೆದು ಮುರಕಲ್ಲಿನ ಗೋಡೆಗೆ ಒತ್ತಿ ಹಿಡಿದರು. ತಣ್ಣಗಿತ್ತು. ಕೈ ತೆಗೆದು ನೋಡಿದರೆ ಒದ್ದೆ. ಆದರೆ ಗೋಡೆಯಲ್ಲಿ ಒಂದು ಹನಿಯೂ ಇಲ್ಲ. "ಗುಡ್ಡೆ ಬೆಗರುಂಡು" ಅಂದರು. ಗುಡ್ಡ ಬೆವರುತ್ತಾ ಇದೆ.

ನನ್ನ ಥೀಸಿಸ್‌ನ ಎರಡನೇ ಅಧ್ಯಾಯದ ಮೊದಲ ವಾಕ್ಯ ಇದು: "ನೀರು ಬರುವ ಮೊದಲು ಗುಡ್ಡ ಬೆವರುತ್ತದೆ." ಉದ್ಧರಣ ಚಿಹ್ನೆ ಇಲ್ಲ. ಅಜ್ಜ ಇಲ್ಲ. ತುಳು ಇಲ್ಲ. ಬೇಕಂತ ಮಾಡಿದ್ದಲ್ಲ. ಕಾರ್ಡಿಗೆ ಇಳಿಸುವಾಗ ಕನ್ನಡದಲ್ಲಿ ಬರೆದುಕೊಂಡೆ, ಎರಡು ವರ್ಷ ಕಳೆದು ಆ ಕಾರ್ಡು ನೋಡುವಾಗ ನನ್ನದೇ ಸಾಲು ಅನ್ನಿಸಿತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅದನ್ನು ಗಟ್ಟಿಯಾಗಿ ಓದಿ, ಇದು ಬರೇ ಸಂಶೋಧನೆ ಅಲ್ಲಮ್ಮ, ಸಾಹಿತ್ಯ ಅಂದರು. ಅಷ್ಟು ಹೊತ್ತಿಗೆ ನನಗೆ ನೆನಪಾಗಿತ್ತು. ಅಂಗೈಗೆ ಆ ತಣ್ಣನೆ ಕೂಡ ನೆನಪಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಪುಸ್ತಕ ಬಂತು. ಸನ್ಮಾನದ ಕರೆಯೋಲೆಯಲ್ಲಿ ನನ್ನ ಹೆಸರಿನ ಕೆಳಗೆ ಅದೇ ಸಾಲು ಅಚ್ಚು ಹಾಕಿಸಿದರು. ಹೊಗಳಿಕೆ ಸಿಕ್ಕಿದ ಮೇಲೆ ಸತ್ಯ ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು ಮಗಾ. ನಿನಗೆ ಅದು ಗೊತ್ತಾಗುವುದು ಬೇಡ.

ನನ್ನ ಗೈಡ್ ನಾನು ಸಂಗ್ರಹಿಸಿದ ಪದಗಳ ಪಟ್ಟಿಯನ್ನು ತಮ್ಮ ಲೇಖನದಲ್ಲಿ ಹಾಕಿಕೊಂಡರು. ಅದರಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. ಆ ಸಿಟ್ಟು ಇನ್ನೂ ಹೋಗಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನವೂ ನನಗೆ ಮೊದಲು ನೆನಪಾದದ್ದು ಆ ಪಟ್ಟಿಯೇ. ನಿನ್ನ ಬಗ್ಗೆ ಯಾರಿಗೂ ಹಾಗೆ ಅನ್ನಿಸಬಾರದು.

ಅಧ್ಯಾಯ ಯಾಕೆ ಏಳುತ್ತಿಲ್ಲ ಅಂತ ಕೇಳಿದೆಯಲ್ಲ. ಕಾರಣ ಇದೇ. "ಸುರಂಗ ಬತ್ತುವಿಕೆ: ಕಾರಣಗಳು" ಅಂತ ಒಂದು ಪುಟ ಇದೆ. ಬೋರ್‌ವೆಲ್, ರಬ್ಬರ್, ಕಾಡು ಕಡಿದದ್ದು, ನಿರ್ವಹಣೆಯ ಕೊರತೆ. ನಾಲ್ಕು ಚುಕ್ಕಿ, ನಾಲ್ಕು ಸಾಲು. ಅದನ್ನು ನೋಡಿದರೆ ಇನ್ನೇನು ಬರೆಯುವುದು ಅಂತಲೇ ಅನ್ನಿಸುತ್ತದೆ. ಈಗ ಹೇಳಿದವರ ಹೆಸರು ಹಾಕಿ ನೋಡು. ಪಕ್ಕದ ಜಾಗದವ ಬೋರ್ ಹೊಡೆಸಿದ, ನಮ್ಮ ನೀರು ಹೋಯಿತು ಅಂತ ತೋಟದವರು ಹೇಳಿರುತ್ತಾರೆ. ವರ್ಷಾ ವರ್ಷ ಒಳಗೆ ಕುಸಿದ ಮಣ್ಣು ತೆಗೆಸಲಿಲ್ಲ, ಕೂಲಿ ಜಾಸ್ತಿ ಅಂದರು, ನೀರು ಎಲ್ಲಿಂದ ಬರಬೇಕು ಅಂತ ಕೊರೆದವರು ಹೇಳಿರುತ್ತಾರೆ. ನಾನು ಹೋದ ಕಡೆಯೆಲ್ಲ ಹಾಗೇ ಇತ್ತು. ಇಬ್ಬರನ್ನೂ ಎದುರುಬದುರು ಕೂರಿಸು. ಯಾರನ್ನು ಎಷ್ಟು ನಂಬಬೇಕು ಅಂತ ನಿನಗೆ ತಲೆಬಿಸಿ ಶುರುವಾಗುತ್ತದೆ. ಆ ತಲೆಬಿಸಿಯನ್ನು ಬರಿ. ಅಧ್ಯಾಯ ಅದೇ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಹತ್ತಿರ 90,000 ಟಿಪ್ಪಣಿ ಚೀಟಿ ಇತ್ತು, ನನ್ನದು ಸಾವಿರ ದಾಟಿದ್ದಷ್ಟೇ ಅಂತ ಬೇಸರ ಮಾಡಿಕೊಂಡಿದ್ದೀಯ. ಓದಿದ ಪುಸ್ತಕದ ವಿವರಕ್ಕೆ ಅವರು ಬೇರೆ ಚೀಟಿ ಇಡುತ್ತಿದ್ದರು, ತಮ್ಮ ಯೋಚನೆಗೆ ಬೇರೆ. ನೀನು ಲೆಕ್ಕವನ್ನು ಮಾತ್ರ ನೋಡಿದ್ದೀಯ. ಇನ್ನು ಆರು ವಾರ ಹೊಸ ಟಿಪ್ಪಣಿ ಬರೆಯಬೇಡ. ಇರುವುದಕ್ಕೆ ಒಡೆಯರನ್ನು ಹುಡುಕು. ಧ್ವನಿಮುದ್ರಣ ಮತ್ತೆ ಕೇಳು. ಸಿಗದಿದ್ದರೆ ಪುಟದ ಮೇಲೆ "ಯಾರದ್ದು ಅಂತ ಗೊತ್ತಿಲ್ಲ" ಅಂತ ಬರಿ. ನಾಚಿಕೆ ಬೇಡ.

ಮೊನ್ನೆ ಬದಿಯ ಪಟ್ಟಿಯಲ್ಲಿ ಆರ್ಫನ್ಸ್ ಅಂತ ಕಂಡಿತು. ಯಾವ ಪುಟದಿಂದಲೂ ಲಿಂಕ್ ಇಲ್ಲದವು ಅಲ್ಲಿ ಬಂದು ಕೂರುತ್ತವೆ ಅಂತ ಮಗಳು ಹೇಳಿದಳು. ಸುಮ್ನೆ ಒಂದೊಂದೇ ತೆರೆದೆ. ಅದರಲ್ಲಿ ಇದು ಸಿಕ್ಕಿತು:

"ಅಜ್ಜ ಇವತ್ತು ಮಾತು ನಿಲ್ಲಿಸಿದರು. ಒಳಗೆ ಇರುವಾಗ ದೀಪ ಆರಿದ್ದುಂಟಾ ಅಂತ ಕೇಳಿದೆ. ಕೈಯಲ್ಲಿದ್ದ ವೀಳ್ಯದೆಲೆಗೆ ಸುಣ್ಣ ಹಚ್ಚಿದರು. ತಿನ್ನಲಿಲ್ಲ. ಮಡಚಿ ಕಿಟಕಿಯಲ್ಲಿ ಇಟ್ಟು ತೋಟಕ್ಕೆ ಇಳಿದರು. ನಾನು ಕೇಳಬಾರದಿತ್ತು."

ಇದನ್ನು ಬರೆದದ್ದು ನೀನೇ ಅಲ್ವಾ? ಟ್ಯಾಗ್ ಇಲ್ಲ, ಲಿಂಕ್ ಇಲ್ಲ. ಸಂಶೋಧನೆಗೆ ಬರುವಂಥದ್ದಲ್ಲ ಅಂದುಕೊಂಡು ಬಿಟ್ಟಿರಬೇಕು. ಒಳಗೆ ಗಾಳಿ ಸಾಲದೆ ಹೋದರೆ ದೀಪ ಆರುತ್ತದೆ, ಆಗ ಹೊರಗೆ ಓಡಬೇಕು. ಅದನ್ನು ನೀನು ಹನ್ನೆರಡು ಪುಟಗಳಲ್ಲಿ ವಿವರಿಸಿದ್ದೀಯ, ಒಂದೂ ನನಗೆ ನೆನಪಿಲ್ಲ. ಇಲ್ಲಿ ಅಜ್ಜ ಯಾರು ಅಂತ ಗೊತ್ತು, ಕೇಳಿದವನು ಯಾರು ಅಂತ ಗೊತ್ತು, ಎಲ್ಲಿಗೆ ಮಾತು ನಿಂತಿತು ಅಂತ ಗೊತ್ತು. ಮೂರನೇ ಅಧ್ಯಾಯವನ್ನು ಇಲ್ಲಿಂದ ಶುರು ಮಾಡು. ಆದರೆ ಅಜ್ಜನ ಹತ್ತಿರ ಹೋಗಿ ಓದಿ ಹೇಳಿ, ಹಾಕಬಹುದಾ ಅಂತ ಕೇಳು. ಅವರು ಬೇಡ ಅಂದರೆ ಬೇಡ. ಮತ್ತೆ ಒತ್ತಾಯ ಮಾಡಬಾರದು.

ಇನ್ನೊಂದು ಉಪಕಾರ ನಿನ್ನಿಂದ ಆಗಬೇಕು. ನನ್ನ ಆ ನೋಟ್‌ಬುಕ್ಕಿನಲ್ಲಿ "ಪೆರ್ಲದ ಆಚೆ, ಅಜ್ಜ, 70 ದಾಟಿದೆ" ಅಂತ ಮಾತ್ರ ಇದೆ. ಹೆಸರು ಬರೆದುಕೊಂಡಿಲ್ಲ. ಆ ಸುರಂಗ ಇದ್ದದ್ದು ಒಂದು ಹಳೆಯ ಹೆಂಚಿನ ಮನೆಯ ಹಿಂದೆ, ಕೆಳಗೆ ನೀರು ನಿಲ್ಲುವ ಸಣ್ಣ ಮದಕ, ಮದಕದ ಬದಿಯಲ್ಲಿ ದೊಡ್ಡ ಹಲಸಿನ ಮರ. ನೀನು ಆ ಕಡೆ ಹೋಗುತ್ತಾ ಇರುತ್ತೀಯಲ್ಲ, ಹಿರಿಯರು ಸಿಕ್ಕಿದರೆ ಕೇಳಿ ನೋಡು. 1987ರಲ್ಲಿ ಅದನ್ನು ಕೊರೆದವರು ಯಾರು, ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ ಅಂತ. ಪುಸ್ತಕದ ಮರುಮುದ್ರಣ ಮಾಡುತ್ತೇವೆ ಅಂತ ಪ್ರಕಾಶಕರು ಕೇಳುತ್ತಾ ಇದ್ದಾರೆ. ಹೆಸರು ಸಿಗುವ ತನಕ ನಾನು ಒಪ್ಪುವುದಿಲ್ಲ. ಸಿಕ್ಕಿದರೆ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು.

ನಿನ್ನ,
ಟೀಚರ್