ಎಫೆಸಸ್: ಮೀನು, ಹಂದಿ ಮತ್ತು ಹೂಳು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ, ಇಂದಿನ ಟರ್ಕಿಯಲ್ಲಿರುವ ಪ್ರಾಚೀನ ನಗರ ಎಫೆಸಸ್‌ನ ಪ್ರವಾಸ ಲೇಖನದ ಚಿತ್ರಗಳು ಚೆನ್ನಾಗಿದ್ದವು. ಆದರೆ ‘ಅಥೆನ್ಸ್ ರಾಜ ಕೋಡ್ರಸನ ಮಗ ಆಂಡ್ರೊಕ್ಲಸ್ ಈ ನಗರ ಕಟ್ಟಿದ’ ಎಂದು ಶಾಸನ ಓದಿ ಬರೆದವರಂತೆ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ಐತಿಹ್ಯ. ಐತಿಹ್ಯವೆಂದೇ ಹೇಳಬೇಕಿತ್ತು, ಕಥೆಯನ್ನೂ ಹೇಳಬೇಕಿತ್ತು.

ಊರು ಎಲ್ಲಿ ಕಟ್ಟಬೇಕೆಂದು ತಿಳಿಯದೆ ಆಂಡ್ರೊಕ್ಲಸನ ಜೊತೆ ಬಂದ ಗ್ರೀಕ್ ವಲಸಿಗರಿಗೆ ‘ಮೀನು ತೋರಿಸುತ್ತದೆ, ಕಾಡುಹಂದಿ ದಾರಿ ಹಿಡಿಸುತ್ತದೆ’ ಎಂದು ದೈವವಾಣಿಯಾಯಿತಂತೆ. ಬೆಸ್ತರು ಊಟಕ್ಕೆ ಮೀನು ಸುಡುತ್ತಿದ್ದಾಗ ಒಂದು ಮೀನು ಕೆಂಡದ ಸಮೇತ ಹಾರಿ ಒಣಹುಲ್ಲಿಗೆ ಬಿತ್ತು. ಪೊದೆ ಹೊತ್ತಿಕೊಂಡಿತು, ಒಳಗಿದ್ದ ಹಂದಿ ಗುಡ್ಡದತ್ತ ಓಡಿತು. ಈಟಿ ತಗುಲಿ ಅದು ಬಿದ್ದಲ್ಲಿ ಊರು ಎದ್ದಿತು. ಮೊಲ ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋದ ಹಂಪಿಯ ಕಥೆ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ. ಎಫೆಸಸ್‌ನಲ್ಲಿರುವ, ರೋಮನ್ ಚಕ್ರವರ್ತಿ ಹೇಡ್ರಿಯನ್ ಹೆಸರಿನ ಗುಡಿಯ ಉಬ್ಬುಶಿಲ್ಪದಲ್ಲಿ ಆಂಡ್ರೊಕ್ಲಸ್ ಇಂದಿಗೂ ಕುದುರೆಯ ಮೇಲೆ ಹಂದಿಯ ಬೆನ್ನು ಹತ್ತಿದ್ದಾನೆ.

ಆ ಗುಡ್ಡದಲ್ಲಿ ಮೊದಲೇ ಜನರಿದ್ದರು ಎಂಬುದು ಮಾತ್ರ ಈ ಚಂದದ ಕಥೆಯಲ್ಲಿಲ್ಲ. ಅಲ್ಲಿದ್ದ ಲೆಲೆಗರು, ಲಿಡಿಯನ್ನರು ಎಂಬ ಜನಾಂಗದವರನ್ನು ಆಂಡ್ರೊಕ್ಲಸ್ ಓಡಿಸಿದನೆಂದು ಬರೆದವನು ಗ್ರೀಕರವನೇ ಆದ ಪ್ರಾಚೀನ ಪ್ರವಾಸ ಲೇಖಕ ಪೌಸೇನಿಯಸ್. ಇಂದಿನ ಟರ್ಕಿಯಲ್ಲಿ ಗ್ರೀಕರಿಗಿಂತ ಮೊದಲು ಆಳಿದ ಹಿಟ್ಟೈಟರ ದಾಖಲೆಗಳ ಅಪಾಸ ಎಂಬ ನಗರ ಇದೇ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಹಾಗಾದರೆ ಗ್ರೀಕರ ಹಡಗು ಬರುವ ಎಷ್ಟೋ ಮೊದಲೇ ಅದು ಬಾಳಿದ ಊರು.

ಇನ್ನು, ಚಿತ್ರದ ಅಡಿಬರಹದಲ್ಲಿ ‘ಕಡಲತಡಿಯ ನಗರ’ ಎಂದಿದೆ. ನಾನು ಅಲ್ಲಿಗೆ ಹೋಗಿದ್ದಾಗ ರಂಗಮಂದಿರದಿಂದ ಹೊರಟ ಅಮೃತಶಿಲೆಯ ಬಂದರು ಬೀದಿಯ ತುದಿಯಲ್ಲಿ ಕಡಲನ್ನು ಹುಡುಕಿದೆ. ಕಂಡದ್ದು ಜೊಂಡುಹುಲ್ಲು. ಕೇಸ್ಟರ್ ನದಿಯ ಹೂಳಿನಿಂದ ಕಡಲು ಈಗ ಹಲವು ಕಿಲೋಮೀಟರ್ ಆಚೆ ಸರಿದಿದೆ. ಕ್ರಿ.ಪೂ. 2ನೇ ಶತಮಾನದಲ್ಲಿ ನೆರೆಯ ಪೆರ್ಗಮಾನ್ ರಾಜ್ಯದ ದೊರೆ ಅಟ್ಟಾಲಸ್, ಬಾಯಿ ಕಿರಿದಾದರೆ ಬಂದರು ಆಳವಾಗುತ್ತದೆಂದು ನಂಬಿ ಅಡ್ಡಗೋಡೆ ಕಟ್ಟಿಸಿದ. ಅಲೆಗಳು ಹೊರಗೆ ಸೆಳೆದೊಯ್ಯುತ್ತಿದ್ದ ಹೂಳು ಒಳಗೇ ಉಳಿದು ಇಡೀ ಬಂದರು ತುಂಬತೊಡಗಿತು ಎಂದು ಪ್ರಾಚೀನ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಬರೆದಿದ್ದಾನೆ. ನನಗಂತೂ ಹಂದಿಯ ಕಥೆಗಿಂತ ಈ ಗೋಡೆಯ ಕಥೆಯೇ ಹೆಚ್ಚು ರುಚಿಸಿತು.

ತಿದ್ದುಪಡಿ ಪ್ರಕಟಿಸುವುದಾದರೆ ದಯವಿಟ್ಟು ಆ ಅಡಿಬರಹವನ್ನೂ ಸೇರಿಸಿಕೊಳ್ಳಿ.

– ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ